ಟವೆಲ್ಲಿಗೆ ಘಮಘಮ ಬೇಕಿರಲಿಲ್ಲ

ಯೋಗಕ್ಕೆಂದು ಇಟ್ಟುಕೊಂಡ ಹತ್ತಿ ಟವೆಲ್ಲಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನಮ್ಮ ಯಜಮಾನರು ಯಾವ ಲೇಖನವನ್ನೂ ಪೂರ್ತಿ ಓದುವವರಲ್ಲ.

ರಾಮನಗರದಲ್ಲಿ ರೇಷ್ಮೆಗೂಡು ಗಾಡಿಗಟ್ಟಲೆ ಸಿಗುತ್ತದೆ, ಒಳ್ಳೆಯ ಹತ್ತಿ ಟವೆಲ್ಲಿಗೆ ಅಂಗಡಿ ಅಂಗಡಿ ಅಲೆಯಬೇಕು. ಬೆವರಿದ ಅಂಗೈ ಬರೀ ಮ್ಯಾಟಿನ ಮೇಲೆ ನಿಲ್ಲುವುದಿಲ್ಲ. ಮೈಸೂರಿನ ಅಷ್ಟಾಂಗ ಯೋಗದವರು ಅದಕ್ಕೇ ಮ್ಯಾಟಿನ ಮೇಲೆ ಹತ್ತಿ ಜಮಖಾನ ಹಾಸುತ್ತಾರೆ. ಹೊರದೇಶಗಳಲ್ಲಿ ಅದಕ್ಕೆ ‘ಮೈಸೂರ್ ರಗ್’ ಎಂದೇ ಹೆಸರು. ಜಮಖಾನ ಹೊತ್ತು ತಿರುಗುವ ತ್ರಾಣ ನನಗಿಲ್ಲ. ಕೊನೆಗೆ ಚನ್ನಪಟ್ಟಣದಲ್ಲಿ ಮನಸ್ಸಿಗೆ ಬಂದಂಥ ಟವೆಲ್ಲು ಸಿಕ್ಕಿತು.

ನಮ್ಮ ಮನೆಯದು ಬೋರ್‌ವೆಲ್ ನೀರು. ಕೊಡದ ಕಂಠಕ್ಕೆ ಬಿಳಿ ಪಟ್ಟೆ ಕಟ್ಟುವಂಥ ಗಡಸು. ಅದರಲ್ಲಿ ಒಗೆದ ಟವೆಲ್ಲು ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ನಿವೃತ್ತಿಯಾದ ಮೇಲೆ ವಾಷಿಂಗ್ ಮಷಿನ್ನಿನ ಅಧಿಕಾರ ವಹಿಸಿಕೊಂಡಿರುವ ನಮ್ಮವರು ನೀಲಿ ಬಾಟಲಿ ತಂದು ಮುಚ್ಚಳ ಮುಚ್ಚಳ ಸುರಿದರು. ಟವೆಲ್ಲು ಮೆತ್ತಗಾಯಿತು, ಘಮಘಮ ಅಂದಿತು. ನಾನು ಬೇಡ ಅಂದಿದ್ದೆ. ಸೊಸೆಯೇ ಸಾಕ್ಷಿ.

ಜೂನ್ 21, ಯೋಗ ದಿನ. ರಾತ್ರಿ ತುಂತುರು ಬಿದ್ದು ಮೈದಾನ ತೇವವಾಗಿತ್ತು. ಕೊರಳಿಗೆ ಬ್ಯಾಡ್ಜು ನೇತುಹಾಕಿಕೊಂಡ ಸಂಘಟಕರೊಬ್ಬರು ಬಂದು, ಹಂಚಿದ ಮ್ಯಾಟೇ ಹಾಸಬೇಕು, ಫೋಟೋದಲ್ಲಿ ಎಲ್ಲ ಒಂದೇ ಬಣ್ಣ ಕಾಣಬೇಕು ಅಂದರು. ನನ್ನ ಹಳೇ ರಬ್ಬರ್ ಮ್ಯಾಟು ಸುತ್ತಿ ಬದಿಗಿಟ್ಟೆ. ಅವರು ಕೊಟ್ಟದ್ದು ಆಗತಾನೇ ಕವರು ಹರಿದ, ನುಣ್ಣನೆಯ ತೆಳು ಮ್ಯಾಟು.

“ಟವೆಲ್ಲು?”

“ಹಾಕ್ಕೊಳ್ಳಿ ಮೇಡಂ. ಫೋಟೋ ಟೈಮಲ್ಲಿ ತೆಗೀರಿ.”

ಎಂದಿನಂತೆ ಟವೆಲ್ಲಿಗೆ ಬಾಟಲಿಯಿಂದ ನೀರು ಚಿಮುಕಿಸಿಕೊಂಡೇ ನಿಂತೆ. ತಾಡಾಸನ, ವೃಕ್ಷಾಸನ, ಪಾದಹಸ್ತಾಸನ ಸುಸೂತ್ರವಾಗಿ ಮುಗಿದವು. ತ್ರಿಕೋನಾಸನಕ್ಕೆ ಕಾಲಗಲಿಸಿ ಬಲಕ್ಕೆ ಬಾಗಿದೆ. ಬೆರಳು ಪಾದ ಮುಟ್ಟುವಷ್ಟರಲ್ಲಿ ಎಡಗಾಲ ಕೆಳಗೆ ಬಟ್ಟೆ ಮೆಲ್ಲಗೆ ಸರಿಯಿತು. ಹೆಬ್ಬೆರಳು ಊರಿದೆ. ಇನ್ನಷ್ಟು ಸರಿಯಿತು. ಕೈ ಮೇಲಿದೆ, ಕತ್ತು ಮೇಲಕ್ಕೆ ತಿರುಗಿದೆ, ಕೆಳಗೆ ನೋಡುವ ಹಾಗಿಲ್ಲ. ಮೈಕಿನಲ್ಲಿ “ಸಹಜ ಉಸಿರಾಟ, ಸಹಜ ಉಸಿರಾಟ” ನಡೆದೇ ಇತ್ತು. ತೊಡೆಸಂದಿಯಲ್ಲಿ ಚುರ್ರೆಂದಿತು. ನಾನು ಪಕ್ಕದ ಹುಡುಗಿಯ ಮೇಲೆ, ಅವಳು ಆಚೆ ನಿಂತಿದ್ದ ಪೊಲೀಸಿನವರ ಮೇಲೆ. ಡ್ರೋನು ಸರಿಯಾಗಿ ಆಗಲೇ ತಲೆ ಮೇಲೆ ಬಂದಿತ್ತು.

ಮಾಗಡಿಯಿಂದ ನಾದಿನಿ ಫೋನು: “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅತ್ತಿಗೆ?” ಬೇಕಿತ್ತು.

ಮನೆಗೆ ಬಂದವಳು ಕುಂಟುತ್ತಲೇ ಹೋಗಿ ಟವೆಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಗುಂಡಗೆ ಕೂತಿತು, ಇಳಿಯಲೊಲ್ಲದು. ಕಂಡೀಷನರ್ ನೂಲಿಗೆ ಜಿಡ್ಡಿನ ಪೊರೆ ಹಿಡಿಸುತ್ತದೆ. ಹತ್ತಿ ಆಮೇಲೆ ನೀರು ಹೀರುವುದಿಲ್ಲ, ಹೀರದ ಬಟ್ಟೆ ಕಾಲು ಹಿಡಿಯುವುದಿಲ್ಲ. ಯಜಮಾನರನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, “ಮ್ಯಾಟ್ದೇ ತಪ್ಪು” ಅಂದರು.

ಇನ್ನು ಕೊಳ್ಳುವ ಮಾತು. ಸ್ನಾನದ ಟವೆಲ್ಲು ಸಾಮಾನ್ಯವಾಗಿ 30 ಇಂಚು ಅಗಲ, 60 ಇಂಚು ಉದ್ದ. ಶವಾಸನದಲ್ಲಿ ಹಿಮ್ಮಡಿ ಹೊರಗುಳಿಯುತ್ತದೆ. 72 ಇಂಚಿನದು ಕೇಳಿ. ದಪ್ಪ 400 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಆಸುಪಾಸು ಸಾಕು, 600ರದ್ದು ಮಳೆಗಾಲದಲ್ಲಿ ಒಣಗದೆ ಮುಗ್ಗಲು ಹಿಡಿಯುತ್ತದೆ. ಹೊಸದನ್ನು ಒಂದೆರಡು ಸಲ ಒಗೆದೇ ಬಳಸಿ. ಸೆಟೆದುಕೊಂಡರೆ ಕೊನೆಯ ಸಲ ಜಾಲಾಡುವ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಸಾಕು. ಅದರ ಜೊತೆ ಬ್ಲೀಚ್ ಮಾತ್ರ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಮಷಿನ್ನಿನ ಮುಚ್ಚಳಕ್ಕೆ ಅಂಟಿಸಿದ್ದೇನೆ. ನಮ್ಮ ಮನೆಯಲ್ಲಿ ಹಾಗೆ ಮಾಡದೆ ವಿಧಿಯಿಲ್ಲ.