ಕಾಮಾ ಕಂಡಲ್ಲೆಲ್ಲ ಕತ್ತರಿಸಬೇಡ

ತಮ್ಮಾ, ಎಕ್ಸೆಲ್ ಫಾರ್ಮುಲಾಗಳನ್ನು ಓದಿ ಲೆಕ್ಕ ಹಾಕುವ ಕೋಡ್ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದೆಯಂತೆ. ಎರಡು ರೆಗೆಕ್ಸ್ ಬರೆದರೆ ಮುಗೀತು ಅಂದೆಯಂತೆ. ಅಷ್ಟಕ್ಕೇ ಮುಗಿಯೋದಿಲ್ಲಪ್ಪ.

ಒಂದು ಸಾಲು ನೋಡು: =ಇಫ್(ಎ1="ಬಾಕಿ, ಬಡ್ಡಿ",ಬಿ1,ಸಮ್(ಸಿ1,ಡಿ1)). ಇದರಲ್ಲಿ ಕಾಮಾ ನಾಲ್ಕಿವೆ. ಒಂದು ಕೋಟ್ಸ್ ಒಳಗಿನದು, ಅದು ಬರೀ ಅಕ್ಷರ. ಕೊನೆಯದು ಸಮ್‌ಗೆ ಸೇರಿದ್ದು. ಇಫ್‌ನದು ಅಂತ ಉಳಿಯೋದು ಎರಡೇ. ಕಾಮಾ ಕಂಡಲ್ಲೆಲ್ಲ ಕತ್ತರಿಸಿದರೆ ಐದು ಚೂರು ಸಿಗುತ್ತವೆ, ಅರ್ಥ ಸಿಗೋದಿಲ್ಲ. ಮೊದಲು ಟೋಕನ್ ಮಾಡು, ಆಮೇಲೆ ಯಾವುದು ಯಾವುದರ ಒಳಗಿದೆ ಅನ್ನೋ ಟ್ರೀ ಕಟ್ಟು. ಡೈಕ್‌ಸ್ಟ್ರಾ 1961ರಲ್ಲೇ ವಿವರಿಸಿದ ಶಂಟಿಂಗ್ ಯಾರ್ಡ್ ವಿಧಾನ ಇವತ್ತಿಗೂ ಸಾಕು.

ಟೋಕನ್ ಹಂತದಲ್ಲೂ ಕಣ್ಣು ತೆರೆದಿರಲಿ. ಸ್ಪೇಸ್ ತಾನೇ ಅಂತ ಅಳಿಸಿಬಿಡಬೇಡ. =ಸಮ್(ಎ1:ಸಿ5 ಬಿ3:ಡಿ8) ಎಂದರೆ ಎರಡೂ ವಲಯಗಳಿಗೆ ಸಾಮಾನ್ಯವಾದ ಬಿ3:ಸಿ5ರ ಮೊತ್ತ ಮಾತ್ರ; ಅಲ್ಲಿ ಸ್ಪೇಸೇ ಆಪರೇಟರ್. ಇನ್ನು ಎಕ್ಸೆಲ್ 2007ರಲ್ಲಿ ಕಾಲಂಗಳು 256ರಿಂದ 16,384ಕ್ಕೆ ಏರಿದ ಮೇಲೆ ಲಾಗ್10 ಎಂಬುದು ಫಂಕ್ಷನ್ನೂ ಹೌದು, ಸೆಲ್ಲೂ ಹೌದು. ಮುಂದೆ ಬ್ರಾಕೆಟ್ ಇದೆಯೋ ಇಲ್ಲವೋ ನೋಡಿಯೇ ತೀರ್ಮಾನಿಸಬೇಕು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಬೇರೆ. =-2^2 ಅಂತ ಕೊಟ್ಟರೆ ಎಕ್ಸೆಲ್ 4 ಅನ್ನುತ್ತೆ. ಶಾಲೆಯ ಗಣಿತದಲ್ಲಿ ಅದು -4. ಎಕ್ಸೆಲ್ ಜೊತೆಗೇ ಬರುವ ವಿಬಿಎ ಕೂಡ -4 ಅನ್ನುತ್ತೆ! ಹಾಗಂತ =0-2^2 ಕೊಟ್ಟು ನೋಡು, ಎಕ್ಸೆಲ್ಲೂ -4 ಕೊಡುತ್ತೆ, ಯಾಕೆಂದರೆ ಅಲ್ಲಿನ ಮೈನಸ್ ಕಳೆಯುವ ಮೈನಸ್. =2^3^2 ಎಡದಿಂದ ನಡೆದು 64 ಆಗುತ್ತೆ, ಗಣಿತದವರ 512 ಅಲ್ಲ. ನಿನ್ನಂಥ ಬುದ್ಧಿವಂತರಿಗೆ ಇದನ್ನು ಸರಿಪಡಿಸೋಣ ಅನ್ನಿಸುತ್ತೆ. ಬೇಡ. ಆ ಶೀಟಿನ ಮೊತ್ತ ನೋಡಿ ಅಕೌಂಟೆಂಟ್ ಆಗಲೇ ಸಹಿ ಹಾಕಿರುತ್ತಾರೆ. ನಿನ್ನ ಪ್ರೋಗ್ರಾಂ ಬೇರೆ ಅಂಕಿ ತೋರಿಸಿದರೆ ಗಣಿತದ ಪುಸ್ತಕ ಬಂದು ನಿನ್ನ ಪರ ಮಾತಾಡೋದಿಲ್ಲ. ಮೈಕ್ರೋಸಾಫ್ಟ್ ಮಾಡಿದ್ದೂ ಅದನ್ನೇ. 1900 ಅಧಿಕ ವರ್ಷವಲ್ಲ, ಆದರೂ ಎಕ್ಸೆಲ್‌ನಲ್ಲಿ 60ನೇ ದಿನ ಫೆಬ್ರವರಿ 29, 1900. ಲೋಟಸ್ 1-2-3 ಹಾಗೆ ಎಣಿಸುತ್ತಿತ್ತು, ಅದರ ಫೈಲುಗಳು ಕೆಡಬಾರದು ಅಂತ ಆ ತಪ್ಪನ್ನೂ ಹಾಗೇ ಉಳಿಸಿಕೊಂಡರು.

ಟೆಸ್ಟ್‌ಗೆ ಎಲ್ಲೂ ಹುಡುಕಬೇಕಿಲ್ಲ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಅಂದರೆ ಒಂದು ಜಿಪ್ ಅಷ್ಟೇ. ಬಿಚ್ಚಿದರೆ ಪ್ರತಿ ಸೆಲ್ಲಿನ ಫಾರ್ಮುಲಾ ಪಕ್ಕದಲ್ಲೇ ಎಕ್ಸೆಲ್ ಕೊನೆಯ ಸಲ ಲೆಕ್ಕ ಹಾಕಿದ ಉತ್ತರವೂ ಸಾಮಾನ್ಯವಾಗಿ ಇರುತ್ತೆ. ಗ್ರಾಹಕರ ಹಳೆಯ ಶೀಟುಗಳನ್ನು ಕೇಳಿ ತಗೊಂಡು ನಿನ್ನ ಉತ್ತರವನ್ನು ಅದರ ಜೊತೆ ತಾಳೆ ನೋಡು. ನೌ, ರ‍್ಯಾಂಡ್ ಇರುವ ಸೆಲ್‌ಗಳನ್ನು ಮಾತ್ರ ಬಿಟ್ಟುಬಿಡು, ಅವು ಪ್ರತಿ ಸಲವೂ ಬದಲಾಗುತ್ತವೆ.