ಮನೆಯ ಸೈನಿಕನ ಚರಿತ್ರೆ: ಹುಡುಕುವ ಬಗೆ

ಚರಿತ್ರೆಯೆಂದರೆ ಅರಸರ ವಂಶಾವಳಿ, ಕದನಗಳ ತಾರೀಖು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಆದರೆ ಆ ಕದನಗಳಲ್ಲಿ ನಿಂತು ಕಾದಿದವರು ಯಾರು? ಮೊದಲನೆಯ ಮಹಾಯುದ್ಧದಲ್ಲಿ (1914-18) ಅವಿಭಕ್ತ ಭಾರತದ ಸುಮಾರು 13 ಲಕ್ಷ ಜನ, ಎರಡನೆಯದರಲ್ಲಿ (1939-45) ಸುಮಾರು 25 ಲಕ್ಷ ಜನ ಸೇನೆಯಲ್ಲಿ ದುಡಿದರು. ಕನ್ನಡನಾಡಿನವರೂ ಅವರಲ್ಲಿದ್ದರು. ಅನೇಕ ಮನೆಗಳಲ್ಲಿ ಅವರ ನೆನಪು, "ಮುತ್ತಜ್ಜ ಬಸ್ರಾಕ್ಕೆ ಹೋಗಿದ್ದರಂತೆ", "ದೊಡ್ಡಜ್ಜ ಬರ್ಮಾದಿಂದ ತಿರುಗಿ ಬರಲೇ ಇಲ್ಲವಂತೆ" ಎಂಬ ಒಂದೇ ಮಾತಿನಲ್ಲಿ ನಿಂತುಹೋಗಿದೆ. ಈ 'ಅಂತೆ'ಯನ್ನು ಕಳೆದು ನಿಶ್ಚಯವನ್ನು ಪಡೆಯುವ ಬಗೆ ಯಾವುದು? ಇದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಮೆಟ್ಟಿಲು: ಮನೆ

ಶೋಧನೆ ಪತ್ರಾಗಾರದಲ್ಲಿ ಅಲ್ಲ, ಅಟ್ಟದ ಮೇಲಿನ ಟ್ರಂಕಿನಲ್ಲಿ ಆರಂಭವಾಗಬೇಕು. ಬಿಡುಗಡೆ ಪತ್ರ, ಪಿಂಚಣಿ ಕಾಗದ, ಹಳೆಯ ಕಾರ್ಡು, ಸಮವಸ್ತ್ರದ ಚಿತ್ರ, ಇವುಗಳಲ್ಲಿ ಯಾವುದೂ ಅಲ್ಪವಲ್ಲ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಪದಕ. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ಲಿನ ಅಂಚಿನ ಮೇಲೆ ಪಡೆದವನ ನಂಬರು, ದರ್ಜೆ, ಹೆಸರು, ಪಲ್ಟಣ ಇವನ್ನು ಒತ್ತಿರುತ್ತಾರೆ. ಬೆಳ್ಳಿಯ ಪದಕವಾದರೆ ಸಾಮಾನ್ಯವಾಗಿ ಸಿಪಾಯಿಯದು. ಕಂಚಿನದಾದರೆ ಕೂಲಿದಳದಂತಹ ಸೇವಾದಳದವನದು. ಹುಣಸೆಹಣ್ಣು ಹಾಕಿ ಅದನ್ನು ಉಜ್ಜಬಾರದು. ಹೊಳಪು ಬಂದೀತು, ಅಕ್ಷರ ಹೋದೀತು!

ಮನೆಯ ವೃದ್ಧೆಯರನ್ನು ಕೇಳುವುದೂ ಅಗತ್ಯ. ಅವರು ಇಸವಿಯನ್ನು ಹೇಳಲಾರರು. ಆದರೆ "ಇನ್‌ಫ್ಲುಯೆಂಜಾ ಬಂದ ವರ್ಷ ಅವರು ಊರಲ್ಲಿರಲಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು" ಎಂದಾರು. ಅದು 1918. ಹೀಗೆ ಊರಿನ ನೆನಪನ್ನು ಲೋಕದ ಪಂಚಾಂಗಕ್ಕೆ ಹೊಂದಿಸಿಕೊಳ್ಳಬೇಕು.

ಎರಡನೆಯ ಮೆಟ್ಟಿಲು: ಪಲ್ಟಣ

ಹೆಸರೊಂದೇ ಸಾಲದು. ಒಂದೇ ಹೆಸರಿನ ಹತ್ತಾರು ಸಿಪಾಯಿಗಳಿದ್ದರು. ಮೇಲಾಗಿ ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡನು. ಬಸಪ್ಪನು ಬುಸಾಪನಾಗಿದ್ದರೆ ಆಶ್ಚರ್ಯವಿಲ್ಲ. ಆದುದರಿಂದ ಹೆಸರು, ತಂದೆಯ ಹೆಸರು, ಊರು, ನಂಬರು, ಪಲ್ಟಣ ಈ ಐದರಲ್ಲಿ ಮೂರಾದರೂ ಕೂಡಿಬಂದಾಗ ಮಾತ್ರ "ಇವರೇ ನಮ್ಮವರು" ಎನ್ನಬಹುದು.

ಪಲ್ಟಣದ ಹೆಸರೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮೊದಲನೆಯ ಯುದ್ಧದಲ್ಲಿ 103ನೆಯ ಮರಾಠಾ ಪಲ್ಟಣವಾಗಿದ್ದುದು 1922ರ ಪುನರ್ವ್ಯವಸ್ಥೆಯಲ್ಲಿ 5ನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲನೆಯ ಬೆಟಾಲಿಯನ್ ಆಯಿತು. ಇದನ್ನರಿಯದವನು ಒಬ್ಬನೇ ಅಜ್ಜನನ್ನು ಇಬ್ಬರನ್ನಾಗಿ ಮಾಡಿಯಾನು. ಈ ರೆಜಿಮೆಂಟಿನ ಕೇಂದ್ರ ಇಂದಿಗೂ ಬೆಳಗಾವಿಯಲ್ಲಿದೆ. ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ದಳದ ಇಂದಿನ ರೂಪವಾದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಬೆಂಗಳೂರಿನಲ್ಲಿದೆ. ನಂಬರು, ಹೆಸರುಗಳೊಡನೆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆದು ವಿಚಾರಿಸಬಹುದು. ಆದರೆ ಎಲ್ಲ ಕಡತಗಳೂ ಉಳಿದಿರುತ್ತವೆಂದು ನಂಬಿ ಕೂಡಬಾರದು.

ಮೂರನೆಯ ಮೆಟ್ಟಿಲು: ದಾಖಲೆ

ಮಡಿದವರಿಗಾಗಿ 1917ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿ ಆಯೋಗವಿದೆ. ಇಂದು ಅದಕ್ಕೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂದು ಹೆಸರು. ಅದರ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರೂ ನೋಡಬಹುದು. ಮೊದಲ ಯುದ್ಧಕ್ಕೆ 31 ಆಗಸ್ಟ್ 1921ರವರೆಗೆ, ಎರಡನೆಯದಕ್ಕೆ 31 ಡಿಸೆಂಬರ್ 1947ರವರೆಗೆ ತೀರಿಕೊಂಡವರು ಅದರ ಲೆಕ್ಕಕ್ಕೆ ಸೇರುತ್ತಾರೆ. ಬರ್ಮಾದಲ್ಲಿ ಮಡಿದು ಸಮಾಧಿ ತಿಳಿಯದವರನ್ನು ಟಾಕ್ಯಾನಿನ ರಂಗೂನ್ ಸ್ಮಾರಕದಲ್ಲಿಯೂ, ಮಲಯ-ಸಿಂಗಪುರದವರನ್ನು ಕ್ರಾಂಜಿಯಲ್ಲಿಯೂ ಹುಡುಕಬೇಕು. ಬದುಕಿ ಬಂದವರು ಈ ಪಟ್ಟಿಯಲ್ಲಿ ಸಿಗುವುದಿಲ್ಲ.

ಇನ್ನು ಪಲ್ಟಣಗಳ ಯುದ್ಧದಿನಚರಿಗಳು. ಇವುಗಳಲ್ಲಿ ಹೆಚ್ಚಿನವು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಗಳನ್ನೂ ಮರೆಯಬಾರದು. ಮೈಸೂರಿನ ಅಶ್ವದಳ ಸಂಸ್ಥಾನದ ಸೇನೆಗೆ ಸೇರಿದುದಾದ್ದರಿಂದ ಆ ಸವಾರರ ವಿಷಯವನ್ನು ಸಂಸ್ಥಾನದ ಕಡತಗಳಲ್ಲಿಯೂ ಅರಸಬೇಕು.

ಎಚ್ಚರಿಕೆಯ ಮಾತು

ದಿನಚರಿ ಅಧಿಕಾರಿಗಳನ್ನು ಹೆಸರಿಟ್ಟು ಕರೆಯುತ್ತದೆ, ಸಿಪಾಯಿಗಳನ್ನು ಸಂಖ್ಯೆಯಲ್ಲಿ ಎಣಿಸುತ್ತದೆ. 23 ಸೆಪ್ಟೆಂಬರ್ 1918ರಂದು ಜೋಧಪುರ ಮತ್ತು ಮೈಸೂರು ಲಾನ್ಸರುಗಳು ಹೈಫಾ ನಗರವನ್ನು ಗೆದ್ದುದು ಪ್ರಸಿದ್ಧ. ಆದರೆ ಮುತ್ತಜ್ಜ ಮೈಸೂರು ಲಾನ್ಸರ್ ಎಂದ ಮಾತ್ರಕ್ಕೆ ಅಂದು ಕಾರ್ಮೆಲ್ ಬೆಟ್ಟ ಹತ್ತಿದನೆಂದು ಬರೆಯಬಾರದು. ಅವನು ಆಗ ಆಸ್ಪತ್ರೆಯಲ್ಲಿದ್ದಿರಬಹುದು, ಕುದುರೆಗಳನ್ನು ಕಾಯುತ್ತಿದ್ದಿರಬಹುದು. "ದಳ ಅಲ್ಲಿತ್ತು" ಎಂಬುದು ಒಂದು ಮಾತು, "ಅವನು ಅಲ್ಲಿದ್ದನು" ಎಂಬುದು ಇನ್ನೊಂದು.

ಹಾಗೆಯೇ ಅವನ ಮನಸ್ಸನ್ನು ನಾವೇ ಕಲ್ಪಿಸಿಕೊಳ್ಳಬಾರದು. ಒಬ್ಬನು ಸಂಬಳಕ್ಕಾಗಿ, ಒಬ್ಬನು ಮನೆತನದ ವಾಡಿಕೆಯಿಂದ, ಒಬ್ಬನು ಸಾಲಗಾರನ ಕಾಟಕ್ಕೆ ಬೇಸತ್ತು ದಂಡಿಗೆ ಸೇರಿದನು. 15 ಫೆಬ್ರವರಿ 1942ರಂದು ಸಿಂಗಪುರ ಬಿದ್ದಾಗ ಸೆರೆಸಿಕ್ಕವರಲ್ಲಿ ಕೆಲವರು ಆಜಾದ್ ಹಿಂದ್ ಫೌಜನ್ನು ಸೇರಿದರು, ಕೆಲವರು ಸೇರದೆ ಸೆರೆಯಲ್ಲಿ ನವೆದರು. ಇಬ್ಬರಿಗೂ ತಮ್ಮ ತಮ್ಮ ಕಾರಣಗಳಿದ್ದವು. ತೀರ್ಪು ಕೊಡುವ ಆತುರ ಶೋಧಕನಿಗೆ ಬೇಡ.

ಇಷ್ಟೆಲ್ಲ ಶ್ರಮವೇಕೆ?

ಬಸ್ರಾದ ಸ್ಮಾರಕದ ಗೋಡೆಗಳ ಮೇಲೆ ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸಿಪಾಯಿಗಳನ್ನು ಪಲ್ಟಣದ ಹೆಸರು ಮತ್ತು ಸಂಖ್ಯೆಯಿಂದಷ್ಟೇ ಸೂಚಿಸಲಾಯಿತು. ಭಾರತದ ಹಲವು ಹಳ್ಳಿಗಳಲ್ಲಿರುವ ಕಲ್ಲುಗಳೂ ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಮಡಿದರು ಎಂದಷ್ಟೇ ಹೇಳುತ್ತವೆ. ಮೊದಲ ಯುದ್ಧದಲ್ಲಿ ಮಡಿದ ಭಾರತೀಯರು, ಆಫ್ರಿಕದವರು ಮೊದಲಾದವರಲ್ಲಿ ಕನಿಷ್ಠ 1,16,000 ಮಂದಿಯನ್ನು ಹೆಸರಿಟ್ಟು ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲ ಎಂದು 2021ರಲ್ಲಿ ಆ ಆಯೋಗದ ವರದಿಯೇ ಒಪ್ಪಿಕೊಂಡಿತು. ಬಿಟ್ಟುಹೋದ ಹೆಸರಿಗೆ ತಕ್ಕ ಆಧಾರ ಒದಗಿಸಿದರೆ ಆಯೋಗ ಅದನ್ನು ಪರಿಶೀಲಿಸುತ್ತದೆ. ಆ ಆಧಾರ ನಮ್ಮ ನಿಮ್ಮ ಮನೆಯ ಟ್ರಂಕಿನಲ್ಲಿಯೇ ಇದ್ದೀತು.

ಆದುದರಿಂದ ಸಹಪಾಠಿಗಳಲ್ಲಿ ಒಂದು ಬಿನ್ನಹ. ಬರುವ ರಜೆಯಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ, ಇಲ್ಲವೆ ನೆರೆಮನೆಯ ಒಬ್ಬ ಸೈನಿಕನ ನಂಬರು, ಹೆಸರು, ಊರುಗಳನ್ನು ಬರೆದು ತನ್ನಿರಿ. ಕೇಳಿದ ಮಾತು ಯಾವುದು, ಕಂಡ ದಾಖಲೆ ಯಾವುದು ಎಂದು ಬೇರೆ ಬೇರೆ ಗುರುತುಮಾಡಿರಿ. ಗುರುಗಳು ತಿದ್ದಿ ದಾರಿ ತೋರಲಿ. ಅಂಕಿಯಾಗಿ ಉಳಿದವನೊಬ್ಬನು ಮತ್ತೆ ಹೆಸರುಳ್ಳ ಮನುಷ್ಯನಾದರೆ ಇತಿಹಾಸದ ವಿದ್ಯಾರ್ಥಿಗೆ ಅದಕ್ಕಿಂತ ಹೆಚ್ಚಿನ ಫಲ ಬೇಕಿಲ್ಲ.