ಐದು ಸ್ವರ, ಎರಡು ಷಡ್ಜ: ಗಿಟಾರ್ ಕಲಿಯುವವರಿಗೆ ಪೆಂಟಾಟೋನಿಕ್ ಪರಿಚಯ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಗಿಟಾರ್ ಹಿಡಿದ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಮೊಬೈಲ್ ನೋಡಿಕೊಂಡೇ ಕಲಿಯುತ್ತಾರೆ. ಕಾರ್ಡುಗಳು ಕೈಗೆ ಬಂದ ಮೇಲೆ ಅವರು ಮೊದಲು ಎಡವುವ ಜಾಗ ಇದು: ‘ಸಿ ಮೇಜರ್ ಪೆಂಟಾಟೋನಿಕ್, ಎ ಮೈನರ್ ಪೆಂಟಾಟೋನಿಕ್ ಎರಡರ ಸ್ವರಗಳೂ ಒಂದೇ’ ಎನ್ನುತ್ತಾರೆ. ಒಂದೇ ಆದರೆ ಎರಡು ಹೆಸರು ಯಾಕೆ?

ಇದಕ್ಕೆ ಉತ್ತರ ನಿಮ್ಮೂರಿನ ಭಜನಾ ಮಂಡಳಿಯ ಪೇಟಿಯಲ್ಲೇ ಇದೆ. ಪಕ್ಕದ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ತಯಾರು ಮಾಡಿದ ಶಿಷ್ಯರಿಂದ ಹಿಂದೂಸ್ತಾನಿ ಸಂಗೀತ ಈ ಭಾಗದ ಹಳ್ಳಿಗಳವರೆಗೂ ಬಂದಿದೆ. ಭೂಪ ರಾಗವಂತೂ ಹೆಸರು ಗೊತ್ತಿಲ್ಲದವರ ಕಿವಿಗೂ ಪರಿಚಿತ.

ಪೇಟಿಯ ಕಪ್ಪು ಮನೆಗಳನ್ನಷ್ಟೇ ನುಡಿಸಿ ನೋಡಿ. ಅವು ಎರಡರ ಗುಂಪು, ಮೂರರ ಗುಂಪು ಆಗಿ ಕೂತಿರುತ್ತವೆ. ಮೂರರ ಗುಂಪಿನ ಮೊದಲ ಮನೆ ‘ಕಪ್ಪು ಮೂರು’. ಅದನ್ನು ಷಡ್ಜ ಮಾಡಿಕೊಂಡು ಕಪ್ಪು ಮನೆಗಳಲ್ಲೇ ಮೇಲೆ ಹೋದರೆ ಸ ರಿ ಗ ಪ ಧ ಬರುತ್ತದೆ. ಇದು ಭೂಪ, ಕರ್ನಾಟಕ ಸಂಗೀತದವರಿಗೆ ಮೋಹನ. ‘ವರವೀಣಾ’ ಗೀತೆ ಕಲಿತವರಿಗೆ ಕೂಡಲೇ ಗುರುತು ಸಿಗುತ್ತದೆ. ಈಗ ಅದರ ಕೆಳಗಿನ ಕಪ್ಪು ಮನೆ, ಅಂದರೆ ‘ಕಪ್ಪು ಎರಡು’, ಅದನ್ನು ಷಡ್ಜ ಮಾಡಿ. ಮನೆಗಳು ಅವೇ ಐದು. ಆದರೆ ಈಗ ಕೇಳುವುದು ಸ, ಕೋಮಲ ಗ, ಮ, ಪ, ಕೋಮಲ ನಿ. ಇದು ಧಾನಿ, ಕರ್ನಾಟಕ ಪದ್ಧತಿಯ ಶುದ್ಧ ಧನ್ಯಾಸಿ. ಭೂಪದ ಪ್ರಸನ್ನತೆ ಹೋಗಿ ಬೇರೆಯದೇ ಒಂದು ಆರ್ದ್ರ ಭಾವ ಬಂದಿರುತ್ತದೆ.

ಭೂಪದ ಸ್ವರಗಳೇ ಗಿಟಾರಿನವರ ಮೇಜರ್ ಪೆಂಟಾಟೋನಿಕ್, ಧಾನಿಯ ಸ್ವರಗಳೇ ಮೈನರ್ ಪೆಂಟಾಟೋನಿಕ್. ಸ್ವರಗಳನ್ನು ಹಾಗೇ ಇಟ್ಟು ಷಡ್ಜವನ್ನು ಮಾತ್ರ ಸರಿಸುವುದಕ್ಕೆ ಕರ್ನಾಟಕ ಸಂಗೀತದಲ್ಲಿ ಗ್ರಹಭೇದ ಎನ್ನುತ್ತಾರೆ. ಹೀಗೆ ಒಂದೇ ಸ್ವರಗಳನ್ನು ಹಂಚಿಕೊಂಡ ಮೇಜರ್ ಮೈನರ್ ಜೋಡಿಯನ್ನು ಪಾಶ್ಚಾತ್ಯರು ರಿಲೇಟಿವ್ ಎನ್ನುತ್ತಾರೆ.

ಈಗ ಗಿಟಾರ್ ಎತ್ತಿಕೊಳ್ಳಿ. ಎಲ್ಲಕ್ಕಿಂತ ದಪ್ಪ ತಂತಿ 6ನೆಯದು, ತೆಳುವಾದದ್ದು 1ನೆಯದು. ತೋರುಬೆರಳು 5ನೇ ಫ್ರೆಟ್ಟಿನಲ್ಲಿರಲಿ. 6ನೇ ತಂತಿಯಲ್ಲಿ 5 ಮತ್ತು 8. 5, 4, 3ನೇ ತಂತಿಗಳಲ್ಲಿ 5 ಮತ್ತು 7. 2, 1ನೇ ತಂತಿಗಳಲ್ಲಿ ಮತ್ತೆ 5 ಮತ್ತು 8. ಎಲ್ಲರೂ ಮೊದಲು ಕಲಿಯುವ ಬಾಕ್ಸ್ ಇದೇ.

ಇದನ್ನು ಮೇಲೆ ಕೆಳಗೆ ಓಡಿಸುವ ಮೊದಲು ಎರಡು ಭಾಗ ಮಾಡಿಕೊಳ್ಳಿ. ದಪ್ಪ ತಂತಿಗಳು ಮೂರರಲ್ಲಿ, 6ನೇ ತಂತಿಯ 5ನೇ ಫ್ರೆಟ್‌ನಿಂದ 4ನೇ ತಂತಿಯ 7ನೇ ಫ್ರೆಟ್‌ವರೆಗೆ ನುಡಿಸಿದರೆ ಷಡ್ಜದಿಂದ ತಾರ ಷಡ್ಜದವರೆಗೆ ಪೂರ್ತಿ ಧಾನಿ. ತೆಳು ತಂತಿಗಳು ಮೂರರಲ್ಲಿ, 3ನೇ ತಂತಿಯ 5ನೇ ಫ್ರೆಟ್‌ನಿಂದ 1ನೇ ತಂತಿಯ 8ನೇ ಫ್ರೆಟ್‌ವರೆಗೆ ನುಡಿಸಿದರೆ ಪೂರ್ತಿ ಭೂಪ. ಮೊದಲನೆಯದರ ಷಡ್ಜ ಎ, ಎರಡನೆಯದರದು ಸಿ. 6ನೇ ತಂತಿಯಲ್ಲಿ ತೋರುಬೆರಳ ಕೆಳಗಿರುವುದು ಮೈನರಿನ ಷಡ್ಜ, ಕಿರುಬೆರಳ ಕೆಳಗಿರುವುದು ಮೇಜರಿನ ಷಡ್ಜ. ನಡುವೆ 3 ಫ್ರೆಟ್ ಅಂತರ. ಈ ಅಂತರ ಎಲ್ಲ ಶ್ರುತಿಗೂ ಇಷ್ಟೇ. ಜಿ ಮೇಜರಿನ ಜೋಡಿ ಇ ಮೈನರ್, ಡಿ ಮೇಜರಿನದು ಬಿ ಮೈನರ್.

ಕಣ್ಣಿಗೆ ಕಂಡದ್ದು ಕಿವಿಗೂ ಕೇಳಬೇಕಾದರೆ ತಂಬೂರಿ ಬೇಕು. ಮೊಬೈಲಿನ ತಂಬೂರಿ ಆ್ಯಪ್ ಸಾಕು. ಬಿಳಿ ಒಂದಕ್ಕೆ, ಅಂದರೆ ಸಿಗೆ ಇಟ್ಟು ಬಾಕ್ಸನ್ನು ನಿಧಾನವಾಗಿ ನುಡಿಸಿ, ಪ್ರತಿ ಸಲವೂ ಸಿ ಮೇಲೆ ಬಂದು ನಿಲ್ಲಿ. ಆಮೇಲೆ ಬಿಳಿ ಆರಕ್ಕೆ, ಅಂದರೆ ಎಗೆ ಬದಲಿಸಿ, ಎ ಮೇಲೆ ನಿಲ್ಲಿ. ಬೆರಳು ಓಡಾಡುವ ಜಾಗ ಬದಲಾಗಿರುವುದಿಲ್ಲ; ನಿಲ್ಲುವ ಜಾಗ ಮಾತ್ರ ಬದಲಾಗಿರುತ್ತದೆ.

ಇಲ್ಲಿ ಒಂದು ಗೊಂದಲ ಬರುತ್ತದೆ. ಭಜನೆಯ ಶ್ರುತಿ ಕಪ್ಪು ಒಂದು, ಅಂದರೆ ಸಿ ಶಾರ್ಪ್ ಎಂದುಕೊಳ್ಳಿ. ಧಾನಿ ನುಡಿಸಲು ತೋರುಬೆರಳನ್ನು 6ನೇ ತಂತಿಯ 9ನೇ ಫ್ರೆಟ್ಟಿಗೆ ಇಡಬೇಕು. ಹಾಡುವವರು ಅದೇ ಶ್ರುತಿಯಲ್ಲಿ ಭೂಪ ಎತ್ತಿಕೊಂಡರೆ ಆ 9ನೇ ಫ್ರೆಟ್ಟಿಗೆ ಕಿರುಬೆರಳು ಬರಬೇಕು, ತೋರುಬೆರಳು 6ಕ್ಕೆ ಇಳಿಯಬೇಕು. ಷಡ್ಜ ಅದೇ ಇದ್ದರೆ ಬಾಕ್ಸ್ ಸರಿಯುತ್ತದೆ. ಬಾಕ್ಸ್ ಅದೇ ಇದ್ದರೆ ಷಡ್ಜ ಸರಿಯುತ್ತದೆ. ಈ ಒಂದು ಮಾತು ಗಟ್ಟಿಯಾದರೆ ಪಾಠದ ಮುಕ್ಕಾಲು ಭಾಗ ಮುಗಿದಂತೆ.

ಇನ್ನೊಂದು ಎಚ್ಚರಿಕೆ. ಬಾಕ್ಸ್ ನಿಮಗೆ ಸ್ವರ ಕೊಡುತ್ತದೆ, ರಾಗವನ್ನಲ್ಲ. ಭೂಪಕ್ಕೂ ದೇಶಕಾರಕ್ಕೂ ಸ ರಿ ಗ ಪ ಧ ಇವೇ ಸ್ವರಗಳು. ಆದರೆ ಭೂಪದ ವಾದಿ ಸ್ವರ ಗಾಂಧಾರ, ದೇಶಕಾರದ್ದು ಧೈವತ. ಷಡ್ಜ ಅದೇ ಇದ್ದರೂ ಒತ್ತು ಬೇರೆ ಕಡೆ ಬಿದ್ದರೆ ರಾಗವೇ ಬೇರೆ. ಆದ್ದರಿಂದ ಭೂಪಕ್ಕೆ ‘ಜ್ಯೋತಿ ಕಲಶ ಛಲಕೆ’, ಧಾನಿಗೆ ‘ಪ್ರಭು ತೇರೋ ನಾಮ್’ ಕೇಳಿ. ಎರಡೂ 1961ರ ಹಿಂದಿ ಚಿತ್ರಗಳಿಗೆ ಲತಾ ಮಂಗೇಶ್ಕರ್ ಹಾಡಿದವು. ಪ್ರತಿ ಸಾಲು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ, ಆಮೇಲೆ ತಂತಿಯ ಮೇಲೆ ಹುಡುಕಿ.

ಇಷ್ಟಾದ ಮೇಲೆ ಗಿಟಾರ್ ತೆಗೆದುಕೊಂಡು ಊರಿನ ಪೇಟಿ ಮಾಸ್ತರರ ಹತ್ತಿರ ಹೋಗಿ ಕೂಡಿ. ಪೇಟಿಯ ಶ್ರುತಿ ನಿಮ್ಮ ಟ್ಯೂನರಿಗೆ ಪೂರ್ತಿ ಹೊಂದದೆ ಇರಬಹುದು. ಪೇಟಿಯನ್ನು ಅಲ್ಲೇ ತಿದ್ದಲಾಗುವುದಿಲ್ಲ, ನೀವೇ ತಂತಿ ಹೊಂದಿಸಿಕೊಳ್ಳಿ. ‘ಯಾವ ಸ್ವರ ಷಡ್ಜರೀ?’ ಎಂದು ಕೇಳಿಕೊಂಡೇ ಮೊದಲ ತಂತಿ ಮೀಟಿ.